ಷಮೀಮಳ ಅಂಗುಳ

ದವಡೆ ಹಲ್ಲಿನ ನೋವು ತಡೆಯಲಾರದೆ ಷಮೀಮ್ ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರ ಬಳಿ ಹೋದದ್ದು 1987ರ ಬೇಸಿಗೆಯಲ್ಲಿ. ಮನೆಯವರು ಲವಂಗ ಒತ್ತಿಕೋ ಎಂದು ಹೇಳಿ ಸುಮ್ಮನಾಗಿದ್ದರು. ಶಿಡ್ಲಘಟ್ಟದಿಂದ ಅವಳನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದವಳು ಅಕ್ಕಯಮ್ಮ. ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಷಮೀಮಳ ಪಕ್ಕದ ಬಿಸಿನೀರಿನ ತೊಟ್ಟಿಯ ಮುಂದೆ ಕೂರುತ್ತಿದ್ದವಳು, ವಯಸ್ಸಿನಲ್ಲಿ ಅವಳಿಗಿಂತ ಬಹಳ ದೊಡ್ಡವಳು.

"ಬಾಯಿ ತೆಗೀರಮ್ಮ," ಎಂದರು ಡಾಕ್ಟರ್ ಮುನಿನಾರಾಯಣಪ್ಪ. ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯ ಮಹಡಿಯ ಮೇಲೆ ಅವರು ಹೊಸದಾಗಿ ಕ್ಲಿನಿಕ್ ತೆರೆದಿದ್ದರು.

ಷಮೀಮ್ ತುಟಿಗಳನ್ನು ಒಂದಿಷ್ಟು ಬಿಚ್ಚಿದಳು. ಪೂರ್ತಿ ಬಾಯಿ ತೆರೆದು ಪರರಿಗೆ ತೋರಿಸಿದ್ದು ಅವಳಿಗೆ ನೆನಪೇ ಇರಲಿಲ್ಲ. ಆಕಳಿಕೆ ಬಂದರೂ ಸೆರಗು ಅಡ್ಡ ಹಿಡಿಯುತ್ತಿದ್ದಳು.

"ಇನ್ನೂ ದೊಡ್ಡದಾಗಿ. ಹಾಂ, ಹಂಗೇ ಇರಿ."

ಡಾಕ್ಟರು ದೀಪ ಎಳೆದುಕೊಂಡು ಬಗ್ಗಿದರು. ಹುಳುಕು ಹಲ್ಲನ್ನು ಒಮ್ಮೆ ತಟ್ಟಿ ನೋಡಿದರು. ಆಮೇಲೆ ಅವರ ಕಣ್ಣು ಹಲ್ಲಿನ ಮೇಲೆ ನಿಲ್ಲಲಿಲ್ಲ. ತುಂಬ ಹೊತ್ತು ಮೇಲುಗಡೆಯೇ ನೋಡುತ್ತಿದ್ದರು.

"ಇದನ್ನ ಯಾರಿಗೂ ತೋರಿಸಿಲ್ವಾ?"

"ಹುಟ್ಟಿದಾಗಿಂದ ಹಂಗೇ ಸ್ವಾಮಿ," ಎಂದಳು ಅಕ್ಕಯಮ್ಮ. "ಮಾತು ಮೂಗಲ್ಲಿ ಬರ್ತೈತೆ. ಅವರಮ್ಮ ಗ್ರಹಣದಲ್ಲಿ ಅಡಿಕೆ ಕತ್ತರಿಸಿದ್ರಂತೆ, ಅದಕ್ಕೇ ಅಂತಾರೆ."

ಡಾಕ್ಟರು ಷಮೀಮಳ ಕೈಗೆ ಒಂದು ಕನ್ನಡಿ ಕೊಟ್ಟು, ಇನ್ನೊಂದು ಪುಟ್ಟ ಕನ್ನಡಿಯನ್ನು ಅವಳ ಬಾಯೊಳಗೆ ಹಿಡಿದರು. ಮೂವತ್ತೈದರ ಆಸುಪಾಸಿನಲ್ಲಿದ್ದ ಅವಳು ತನ್ನ ಬಾಯಿಯ ಒಳಭಾಗವನ್ನು ಮೊದಲ ಸಲ ನೋಡಿದಳು.

"ಇಲ್ಲಿ ಹಲ್ಲಿನ ಹಿಂದೆ ಒರಟಾಗಿದೆ ನೋಡಿ, ಇದು ಗಟ್ಟಿ ಅಂಗುಳ. ಒಳಗೆ ಮೂಳೆ ಇರುತ್ತೆ. ಇದರ ಹಿಂದಕ್ಕೆ ಮೆದು ಅಂಗುಳ, ಬರೀ ಮಾಂಸ. ಅದರ ತುದೀಲಿ ಕಿರುನಾಲಿಗೆ ಜೋತಾಡ್ತಿರುತ್ತೆ. ನಾವು ಪ, ಬ, ಕ ಅನ್ನೋವಾಗ ಈ ಮೆದು ಅಂಗುಳ ಮೇಲಕ್ಕೆದ್ದು ಮೂಗಿನ ದಾರಿ ಮುಚ್ಚುತ್ತೆ. ನಿಮ್ಮದರಲ್ಲಿ ಮಧ್ಯ ಸೀಳಿದೆ. ಕಿರುನಾಲಿಗೆ ಕೂಡ ಎರಡಾಗಿ ಆ ಕಡೆ ಈ ಕಡೆ ನಿಂತಿದೆ. ಗಾಳಿ ಬಾಯಲ್ಲಿ ನಿಲ್ಲೋದೇ ಇಲ್ಲ, ಮೂಗಿಗೆ ಹೋಗಿಬಿಡುತ್ತೆ."

ಕನ್ನಡಿಯಲ್ಲಿ ನಡುವೆ ಒಂದು ಕಪ್ಪು ಕಂಡಿ ಕಾಣುತ್ತಿತ್ತು. ಅದರ ಎರಡೂ ಬದಿಯಲ್ಲಿ ಒದ್ದೆಯಾಗಿ ಹೊಳೆಯುವ ಕೆಂಪು ಮಾಂಸ. ಅವಳಿಗೆ ಅಸಹ್ಯವೆನಿಸಲಿಲ್ಲ. ಇಷ್ಟೆಲ್ಲ ಆದದ್ದು ಇಷ್ಟೇ ಜಾಗದಿಂದಲೇ ಎಂದು ಆಶ್ಚರ್ಯವಾಯಿತು.

"ತಾಯಿ ಹೊಟ್ಟೇಲಿ ಮೂರು ತಿಂಗಳು ತುಂಬೋ ಹೊತ್ತಿಗೆ ಎರಡು ಕಡೆದೂ ಬಂದು ಕೂಡ್ಕೋಬೇಕು. ಕೆಲವು ಮಕ್ಕಳಲ್ಲಿ ಕೂಡ್ಕೊಳ್ಳಲ್ಲ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ಯಾರ ತಪ್ಪೂ ಅಲ್ಲ."

ಷಮೀಮ್ ಕನ್ನಡಿಯನ್ನು ಮಡಿಲಿಗೆ ಇಳಿಸಿದಳು. ಅವಳ ತಾಯಿ ರಹಮತುನ್ನೀಸಾ ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದಳು. ಕೊನೆಯ ದಿನಗಳಲ್ಲೂ ಮಗಳ ಗಲ್ಲ ಹಿಡಿದು, "ನನ್ನಿಂದ ಆಯ್ತು ಬೇಟಿ, ಮಾಫ್ ಮಾಡು," ಎನ್ನುತ್ತಿದ್ದಳು. ಈ ಡಾಕ್ಟರ ಮಾತನ್ನು ಕೇಳದೆಯೇ ಆಕೆ ಹೋಗಿಬಿಟ್ಟಳಲ್ಲ ಎಂದು ಷಮೀಮಳಿಗೆ ಅಳು ಬಂತು. ಹಲ್ಲು ನೋವಿಗೆ ಅಳುತ್ತಿದ್ದಾಳೆಂದುಕೊಂಡು ಡಾಕ್ಟರು ಸೂಜಿಮದ್ದು ತಯಾರು ಮಾಡಿದರು.

ರಹಮತುನ್ನೀಸಾ ಆ ಮಗುವನ್ನು ಉಳಿಸಿಕೊಂಡದ್ದೇ ದೊಡ್ಡ ಮಾತು. ಎದೆಗೆ ಹಿಡಿದರೆ ಮಗುವಿಗೆ ಹಾಲು ಎಳೆಯಲು ಬರುತ್ತಿರಲಿಲ್ಲ. ಕುಡಿದದ್ದೂ ಮೂಗಿನಿಂದ ಹೊರಬರುತ್ತಿತ್ತು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಹಿಂಡಿದ ಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ನಾಲಿಗೆಯ ಮೇಲೆ ಬಿಟ್ಟು ಬೆಳೆಸಿದಳು. ತುಟಿ ಚೆನ್ನಾಗಿತ್ತು, ಮೂಗು ಚೆನ್ನಾಗಿತ್ತು. ಬೀದಿಯವರೆಲ್ಲ ಎತ್ತಿ ಮುದ್ದಾಡುವಂಥ ಮುಖ. ಮಾತು ಬರುವ ವಯಸ್ಸಿಗೆ ಬಂದಾಗಲೇ ಎಲ್ಲರಿಗೂ ಗೊತ್ತಾದದ್ದು. 'ಅಮ್ಮೀ' ಎಂದು ತಾಯಿಯನ್ನು ಸರಿಯಾಗಿ ಕರೆಯುತ್ತಿದ್ದಳು. ತಂದೆಯನ್ನು 'ಅಬ್ಬಾ' ಎಂದು ಕರೆಯಹೋದರೆ 'ಅಮ್ಮಾ' ಎಂದು ಬರುತ್ತಿತ್ತು. ಅವಳ ತಂದೆ ದಸ್ತಗಿರ್ ರೇಷ್ಮೆಗೂಡಿನ ವ್ಯಾಪಾರ ಮುಗಿಸಿ ಮನೆಗೆ ಬಂದಾಗ ಮಗಳು 'ಅಮ್ಮಾ' ಎಂದು ಓಡಿಬರುತ್ತಿದ್ದಳು. ಅವರು ನಗುತ್ತಲೇ ಎತ್ತಿಕೊಳ್ಳುತ್ತಿದ್ದರು. ಸಾಯುವವರೆಗೂ ಮಗಳ ಬಾಯಿಂದ ಅವರು 'ಅಬ್ಬಾ' ಎಂದು ಕೇಳಲಿಲ್ಲ.

ಉರ್ದು ಶಾಲೆಗೆ ಹಾಕಿದರು. ಬೇ, ಪೇ, ತೇ ಎಂದು ಉಸ್ತಾದರು ಹೇಳಿಕೊಟ್ಟರೆ ಷಮೀಮಳಿಂದ ಮೇ, ಮೇ, ನೇ ಎಂದು ಬರುತ್ತಿತ್ತು. ಮಕ್ಕಳು ಆಡಿನ ಮರಿಯೆಂದು ಕೂಗಿದರು. ಕೆಲವು ದಿನ ಹೋಗಿ ಶಾಲೆ ಬಿಟ್ಟಳು. ಅಂದಿನಿಂದ ಅವಳ ಮಾತು ಕಡಿಮೆಯಾಗುತ್ತ ಬಂತು. ಹೌದೆಂದು ತಲೆ ಆಡಿಸುವುದು, ಬೇಡವೆಂದು ಕೈ ಆಡಿಸುವುದು ಎಲ್ಲರಿಗೂ ಸಾಕಾಗುತ್ತಿತ್ತು. ಶಿಡ್ಲಘಟ್ಟ ಎಂಬ ತನ್ನ ಊರಿನ ಹೆಸರನ್ನು ಅವಳಿಂದ ಒಂದು ಸಲವೂ ಹೇಳಲಾಗಿರಲಿಲ್ಲ. ಆ ಹೆಸರಿನ ತುಂಬ ಅವಳಿಗೆ ಬಾರದ ಅಕ್ಷರಗಳೇ.

ಮುಖ ನೋಡಿ ಗೌರಿಬಿದನೂರಿನಿಂದ ಸಂಬಂಧ ಬಂತು. ಹುಡುಗ ಸಾದಿಕ್ ಪಾಷಾ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಬಾಯಿಯ ವಿಷಯವನ್ನು ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ನಿಕಾಹದ ದಿನ ಸಾಕ್ಷಿಗಳು ಪರದೆಯಾಚೆ ನಿಂತು ಕಬೂಲ್ ಇದೆಯಾ ಎಂದು ಕೇಳಿದಾಗ ಷಮೀಮ್ ಹ್ಞೂಂ ಎಂದು ತಲೆ ತಗ್ಗಿಸಿದಳು. ನಾಚಿಕೆ ಎಂದು ಎಲ್ಲರೂ ಮೆಚ್ಚಿದರು. ಮಡಿಲಿಗೆ ಮಗು ಬರುವತನಕ ಬಾಯಿ ಬಿಡಬೇಡ ಎಂದು ರಹಮತುನ್ನೀಸಾ ಮಗಳಿಗೆ ಹೇಳಿ ಕಳಿಸಿದ್ದಳು.

ಗಂಡನ ಮನೆಯ ಹಿತ್ತಲಿನ ಬಾವಿಯಲ್ಲಿ ಹಗ್ಗ ಕೈಯಲ್ಲೇ ಎಳೆಯಬೇಕಿತ್ತು. ಹೊಸ ಹೆಂಡತಿಯ ಅಂಗೈ ಕೆಂಪಾದುದನ್ನು ಸಾದಿಕ್ ಪಾಷಾ ನೋಡಿದ್ದ. ಒಂದು ಮಧ್ಯಾಹ್ನ ಅಂಗಡಿಯಿಂದ ಕಬ್ಬಿಣದ ರಾಟೆ ತಂದು ಅಡ್ಡತೊಲೆಗೆ ಬಿಗಿದ. ಷಮೀಮ್ ಬಿಂದಿಗೆ ಇಳಿಸಿ ಎಳೆದಳು. ಬಿಂದಿಗೆ ಸರಸರನೆ ಮೇಲೆ ಬಂತು. ಆ ಮನೆಗೆ ಬಂದು ವಾರವೂ ಆಗಿರಲಿಲ್ಲ. ಸಂತೋಷದಲ್ಲಿ ಅವಳಿಗೆ ತಾಯಿಯ ಮಾತು ಮರೆತುಹೋಯಿತು. "ಈ ರಾಟೆ ಹಾಕಿದ್ರಲ್ಲ, ನೀರು ಸೇದೋದು ಎಷ್ಟು ಸಲೀಸಾಯ್ತು," ಎಂದುಬಿಟ್ಟಳು.

ಅವನಿಗೆ ಕೇಳಿಸಿದ್ದು ಮೂಗಿನಿಂದ ಬಂದ ಒಂದು ಗೊರಗೊರ ಸದ್ದು. ಗಂಟಲಿಗೆ ಏನೋ ಸಿಕ್ಕಿಕೊಂಡಿತೆಂದು ಬೆನ್ನು ತಟ್ಟಲು ಬಂದ. ಅವಳು ಬಾಯಿ ಮುಚ್ಚಿಕೊಂಡಳು. ಅವನು ತನ್ನ ತಾಯಿಯನ್ನು ಕೂಗಿದ. ಅತ್ತೆ ಬಂದಳು, ಅತ್ತೆಯ ಅಕ್ಕತಂಗಿಯರು ಬಂದರು. ಹೆಸರು ಹೇಳು ಎಂದರು, ಊರು ಹೇಳು ಎಂದರು. ಒಬ್ಬಳಂತೂ ಆಡಿನ ಹೆಸರು ಹಿಡಿದು 'ಬಕ್ರಿ' ಅನ್ನು ನೋಡೋಣ ಎಂದಳು. ಷಮೀಮ್ ಬಾವಿಕಟ್ಟೆಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಸ್ವಲ್ಪ ದಿನಗಳಲ್ಲೇ ಎರಡೂ ಕಡೆಯ ಹಿರಿಯರು ಕೂತು ಸಂಬಂಧ ಬಿಡಿಸಿದರು.

ಮತ್ತೆ ಯಾರೂ ಅವಳ ಮದುವೆಯ ಮಾತೆತ್ತಲಿಲ್ಲ. ತಂದೆ ಹೋದರು, ಆಮೇಲೆ ತಾಯಿ. ಅಣ್ಣ ಕಲಂದರ್ ನೂಲು ತೆಗೆಯುವ ಸಣ್ಣ ಶೆಡ್ಡು ಹಾಕಿದ್ದ. ಷಮೀಮ್ ಅಲ್ಲೇ ತೊಟ್ಟಿಯ ಮುಂದೆ ಕೂತಳು. ಕುದಿಯುವ ನೀರು, ಸತ್ತ ಹುಳದ ವಾಸನೆ, ಯಂತ್ರದ ಗದ್ದಲ. ಅಲ್ಲಿ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳುತ್ತಿರಲಿಲ್ಲವಾದ್ದರಿಂದ ಅವಳಿಗೆ ಆ ಜಾಗ ಹಿತವೆನಿಸಿತ್ತು. ಪಕ್ಕದಲ್ಲಿ ಕೂತ ಅಕ್ಕಯಮ್ಮನಿಗೆ ಮಾತ್ರ, ಎಷ್ಟೋ ವರ್ಷ ಒಟ್ಟಿಗೆ ಕೂತು ಕೂತು, ಅವಳ ಮೂಗಿನ ಮಾತು ಪೂರ್ತಿ ಅರ್ಥವಾಗತೊಡಗಿತ್ತು.

ಹಲ್ಲು ಕಿತ್ತ ದಿನ ಡಾಕ್ಟರು ಹೇಳಿದ್ದರು: "ಇದಕ್ಕೆ ಆಪರೇಷನ್ ಇದೆ. ಬೆಂಗಳೂರಲ್ಲಿ ಮಾಡ್ತಾರೆ."

ಕಲಂದರ್ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಕೊಯ್ಯಿಸಿಕೊಂಡು ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದ. ಷಮೀಮಳಿಗೂ ಕತ್ತಿಯ ಭಯವಿತ್ತು. ಆಗ ಡಾಕ್ಟರು ಇನ್ನೊಂದು ದಾರಿ ಹೇಳಿದರು. ಹಲ್ಲಿನ ಸೆಟ್ಟು ಮಾಡುವ ಅದೇ ಗುಲಾಬಿ ಬಣ್ಣದ ಪ್ಲಾಸ್ಟಿಕ್‌ನಲ್ಲಿ ಅಂಗುಳಕ್ಕೆ ಸರಿಯಾಗಿ ಒಂದು ಪ್ಲೇಟು ಮಾಡಿ, ತಂತಿಯಿಂದ ಹಲ್ಲುಗಳಿಗೆ ಸಿಕ್ಕಿಸುವುದು. ಅದರ ಹಿಂದೆ ನೇರಳೆ ಹಣ್ಣಿನಷ್ಟು ದಪ್ಪದ ಒಂದು ಗುಂಡು. ಅದು ಗಂಟಲ ಹತ್ತಿರದ ಕಂಡಿಯಲ್ಲಿ ಕೂತು ಗಾಳಿಯನ್ನು ತಡೆಯುತ್ತದೆ.

ಅಚ್ಚು ತೆಗೆಯಲು ಬಾಯಿ ತುಂಬ ತಣ್ಣನೆಯ ಹಿಟ್ಟು ತುಂಬಿದಾಗ ಷಮೀಮಳಿಗೆ ಉಸಿರು ಕಟ್ಟಿ ವಾಕರಿಕೆ ಬಂತು. ಅಕ್ಕಯಮ್ಮ ಅವಳ ಕೈ ಹಿಡಿದು, "ಇನ್ನೊಂಚೂರು ಕಣಮ್ಮ, ಇನ್ನೊಂಚೂರು," ಎನ್ನುತ್ತ ನಿಂತಿದ್ದಳು. ಆಮೇಲೆ ಗುಂಡನ್ನು ಉಜ್ಜುವುದು, ಹಾಕಿ ನೋಡುವುದು, ನೋವಾದರೆ ಮತ್ತೆ ಉಜ್ಜುವುದು. ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಪ್ಲೇಟು ಸರಿಯಾಗಿ ಕೂತಿತು.

ಡಾಕ್ಟರು ಒಂದು ಲೋಟ ನೀರು ಕೊಟ್ಟರು. ಕುಡಿದಳು. ಅಭ್ಯಾಸದಂತೆ ಮೂಗಿಗೆ ಸೆರಗು ಹಿಡಿದಿದ್ದಳು. ಸೆರಗು ಒಣಗಿಯೇ ಇತ್ತು.

"ಪ ಅನ್ನಿ."

ಬಂದದ್ದು 'ಮ'.

"ಪ್ಲೇಟು ಹಾಕಿದ ಕೂಡಲೇ ಬರಲ್ಲ," ಎಂದರು ಡಾಕ್ಟರು. "ನಾಲಿಗೆ, ತುಟಿ ಕಲೀಬೇಕು. ನೋಡಿ, ಕನ್ನಡದ ಅಕ್ಷರಮಾಲೆ ಮಾಡಿದೋರು ಬಾಯೊಳಗೆ ನೋಡ್ಕೊಂಡೇ ಮಾಡಿರೋ ಹಂಗಿದೆ. ಕ ಗಂಟಲಿಂದ, ಚ ಅಂಗುಳದಿಂದ, ಟ ನಾಲಿಗೆ ಮಡಿಸಿ, ತ ಹಲ್ಲಿಂದ, ಪ ತುಟಿಯಿಂದ. ಪ್ರತಿ ಸಾಲಿನ ಕೊನೇ ಅಕ್ಷರ ಮೂಗಿಂದು. ಇಷ್ಟು ವರ್ಷ ನಿಮಗೆ ಆ ಕೊನೇದು ಮಾತ್ರ ಬರ್ತಿತ್ತು. ಮಿಕ್ಕಿದ್ದು ಈಗ ಒಂದೊಂದಾಗಿ ಕಲೀಬೇಕು. ತುಟಿ ಮುಂದೆ ತೆಳ್ಳಗಿನ ಕಾಗದ ಹಿಡ್ಕೊಂಡು ಪ ಅನ್ನಿ. ಕಾಗದ ಅಲ್ಲಾಡಿದ್ರೆ ಬಂತು ಅಂತ."

ಕಾಗದದ ಬದಲು ಅಕ್ಕಯಮ್ಮ ರೇಷ್ಮೆಯ ಎಳೆ ಹಿಡಿದಳು. ಶೆಡ್ಡಿನಲ್ಲಿ ಬುತ್ತಿ ಉಂಡ ಮೇಲೆ ಯಂತ್ರ ನಿಲ್ಲಿಸಿದ ಹೊತ್ತಿನಲ್ಲಿ ಇಬ್ಬರೂ ಹುಣಸೆಮರದ ಕೆಳಗೆ ಕೂರುತ್ತಿದ್ದರು. ಅಕ್ಕಯಮ್ಮ ತೋರುಬೆರಳಿನಿಂದ ಒಂದೇ ಎಳೆಯನ್ನು ಇಳಿಬಿಟ್ಟು ಷಮೀಮಳ ತುಟಿಯ ಮುಂದೆ ಹಿಡಿಯುತ್ತಿದ್ದಳು. ಬಹಳ ದಿನ ಎಳೆ ಅಲ್ಲಾಡಲಿಲ್ಲ. ಒಂದು ಮಧ್ಯಾಹ್ನ ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ 'ಪ' ಎಂದಾಗ ಎಳೆ ಮೇಲಕ್ಕೆ ಹಾರಿ ಅಕ್ಕಯಮ್ಮನ ಮೂಗುಬೊಟ್ಟಿಗೆ ಅಂಟಿಕೊಂಡಿತು.

"ಅಬ್ಬ! ಬಂತು ಕಣೇ!" ಎಂದು ಅಕ್ಕಯಮ್ಮ ಕೈ ತಟ್ಟಿದಳು.

"ಅಬ್ಬ," ಎಂದಳು ಷಮೀಮ್ ಅವಳ ಹಿಂದೆಯೇ. ತನ್ನ ದನಿ ತನಗೇ ಕೇಳಿತು. ಇನ್ನೊಮ್ಮೆ ಹೇಳಿದಳು, ಈ ಸಲ ತನ್ನ ಮನೆಯ ಮಾತಿನಲ್ಲಿ: "ಅಬ್ಬಾ." ಹಾಗೆ ಹೇಳಿಕೊಂಡೇ ತುಂಬ ಹೊತ್ತು ಕೂತಿದ್ದಳು.

ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರಗಳೂ ಬಂದವು. ಸ, ಶ ಸ್ವಲ್ಪ ಮಂದ; ಮಾತಿನ ವೇಗ ನಿಧಾನ. ಆದರೆ ಕೇಳಿದವರಿಗೆ ಅರ್ಥವಾಗುತ್ತಿತ್ತು.

ಕೇಳುವವರೇ ಇರಲಿಲ್ಲ. ಅದು ಷಮೀಮಳಿಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ಅಣ್ಣನ ಹೆಂಡತಿ ಹಮೀದಾ ಬೇಗಂ ಮೊದಲಿನಂತೆಯೇ ಅವಳ ತಟ್ಟೆಯ ಕಡೆ ನೋಡಿ, "ಇನ್ನೂ ಸ್ವಲ್ಪ ಅನ್ನ ಬೇಕಂತೆ," ಎಂದು ಅವಳ ಪರವಾಗಿ ತಾನೇ ಹೇಳುತ್ತಿದ್ದಳು. "ಬೇಡ ಭಾಬಿ, ಸಾಕು," ಎಂದು ಷಮೀಮ್ ಹೇಳುವಷ್ಟರಲ್ಲಿ ಅನ್ನ ಬಿದ್ದಿರುತ್ತಿತ್ತು. ಅಣ್ಣನ ಮಕ್ಕಳು ಅವಳೊಂದಿಗೆ ಕೈಸನ್ನೆಯಲ್ಲೇ ಮಾತಾಡಿ ಬೆಳೆದವರು; ಈಗಲೂ ಬೆರಳು ತೋರಿಸಿ ಓಡಿಹೋಗುತ್ತಿದ್ದರು. ಕಲಂದರ್ ಊಟ ಮಾಡುತ್ತ, ಅವಳು ಬಾಯಿ ತೆಗೆದ ಕೂಡಲೇ "ಹಾಂ ಹಾಂ, ಆಯ್ತು," ಎನ್ನುತ್ತಿದ್ದ. ಏನು ಆಯ್ತು ಎಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ಒಂದು ದಿನ ಹಮೀದಾ ಬೇಗಂ, "ಆ ಪ್ಲೇಟು ತೆಗೆದಿಡು ಷಮೀಮ್, ಮನೇಲಿ ಯಾರೋ ಹೊರಗಿನೋರು ಮಾತಾಡಿದ ಹಾಗಾಗ್ತದೆ," ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೆ ಅನ್ನಿಸಿದ್ದನ್ನು ಹೇಳಿದಳು. ಷಮೀಮ್ ಎದ್ದು ಹಿತ್ತಲಿಗೆ ಹೋದಳು. ಮಾತು ಬಾರದಿದ್ದಾಗ ಸುಮ್ಮನಿರುವುದಕ್ಕೆ ಒಂದು ಕಾರಣವಿತ್ತು. ಈಗ ಅದೂ ಇಲ್ಲದೆ ಸುಮ್ಮನಿರಬೇಕಾಗಿತ್ತು.

ಅಷ್ಟರಲ್ಲಿ ಅಕ್ಕಯಮ್ಮನ ಕಣ್ಣು ಮಂಜಾಗಿ ಎಳೆ ಕಾಣದಾಯಿತು. ಮಗಳು ಬಂದು ಅವಳನ್ನು ತೊಂಡೇಬಾವಿಗೆ ಕರೆದುಕೊಂಡು ಹೋದಳು. ಪಕ್ಕದ ತೊಟ್ಟಿಗೆ ಬಂದ ಹೊಸ ಹುಡುಗಿ ದಿನವಿಡೀ ಸಿನಿಮಾ ಹಾಡು ಗುನುಗುತ್ತಿದ್ದಳು.

ಷಮೀಮ್ ರಜಾದ ದಿನಗಳಲ್ಲಿ ಬಸ್ಸು ಹತ್ತತೊಡಗಿದಳು. ಹಲ್ಲಿನ ಡಾಕ್ಟರಿಗೆ ತೋರಿಸಬೇಕು ಎಂದು ಮನೆಯಲ್ಲಿ ಹೇಳುತ್ತಿದ್ದಳು. ಕೆಲವೊಮ್ಮೆ ನಿಜ, ಹಲವು ಸಲ ಅಲ್ಲ. ಚಿಂತಾಮಣಿಗೆ ಹೋಗಿ ಪೇಟೆಯಲ್ಲಿ ಸುತ್ತಿ, ಬೇಕಿಲ್ಲದ ಸೂಜಿದಾರಕ್ಕೆ ಬಣ್ಣ ಕೇಳಿ, ದಾರಿ ಗೊತ್ತಿದ್ದರೂ ದಾರಿ ಕೇಳಿ, ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರಿಗೆ, "ಒಂದು ಶಿಡ್ಲಘಟ್ಟ," ಎನ್ನುತ್ತಿದ್ದಳು. ಅವನು ತಲೆ ಎತ್ತದೆ ಚೀಟಿ ಹರಿದು ಕೊಡುತ್ತಿದ್ದ. ಅವನು ತಲೆ ಎತ್ತದಿರುವುದೇ ಅವಳಿಗೆ ಬೇಕಾಗಿದ್ದುದು.

ಒಂದು ಭಾನುವಾರ ಅಕ್ಕಯಮ್ಮನನ್ನು ನೋಡಿ ಬರಲು ಹೊರಟಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರು, ಅಲ್ಲಿಂದ ರೈಲಿನಲ್ಲಿ ತೊಂಡೇಬಾವಿ. ಗೌರಿಬಿದನೂರಿನಲ್ಲಿ ಇಳಿದಾಗ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿಗೆ ಹೋಗುವುದಕ್ಕೆ ಬೇರೆ ದಾರಿ ಇದ್ದರೂ ಅವಳ ಕಾಲು ಹಳೆಯ ಬೀದಿಗೇ ತಿರುಗಿತು.

ಸೈಕಲ್ ಅಂಗಡಿ ಅಲ್ಲೇ ಇತ್ತು. ಸಾದಿಕ್ ಪಾಷಾ ಮಣೆಯ ಮೇಲೆ ಕೂತು ಚಕ್ರದ ಕಡ್ಡಿ ಬಿಗಿಯುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಷಮೀಮ್ ಬುರ್ಖಾದ ಮುಖಪರದೆ ಎತ್ತಿ ನಿಂತಳು. ಅವನು ನೋಡಿದ ಕೂಡಲೇ ಗುರುತು ಹಿಡಿದು ಎದ್ದು ನಿಂತ. ಕೈಯಲ್ಲಿದ್ದ ಚಕ್ರ ಜಾರಿ ಕೆಳಗೆ ಬಿತ್ತು.

"ನೀನು... ಯಾರಾದ್ರೂ... ಜೊತೇಲಿ... ಬಂದಿದಾರಾ?" ಎಂದು ಒಂದೊಂದೇ ಮಾತನ್ನು ಕೂಗಿ, ಕೈಯಾಡಿಸಿ, ಕಿವುಡರಿಗೆ ಹೇಳುವಂತೆ ಕೇಳಿದ.

"ಒಬ್ಬಳೇ ಬಂದೆ. ತೊಂಡೇಬಾವಿಗೆ ಹೋಗ್ತಿದೀನಿ," ಎಂದಳು ಷಮೀಮ್.

ಅವನು ಕೈ ಇಳಿಸಿದ. ಅಕ್ಕಪಕ್ಕ ನೋಡಿ ಸ್ಟೂಲು ಎಳೆದು ಹಾಕಿದ. ಎದುರಿನ ಹೋಟೆಲಿಗೆ ಎರಡು ಚಹಾ ಎಂದು ಕೂಗಿ ಹೇಳಿದ.

"ಮಾತು ಬಂದಿದೆಯಲ್ಲ."

"ಹಲ್ಲಿನ ಡಾಕ್ಟ್ರು ಬಾಯಿಗೆ ಪ್ಲೇಟು ಹಾಕಿದಾರೆ. ಅಂಗುಳ ಸೀಳಿತ್ತು ನಂಗೆ."

"ನಿಮ್ಮವರು ಒಂದು ಮಾತು ಹೇಳಲಿಲ್ಲ. ಅಮ್ಮನಿಗೆ ಅದೇ ಸಿಟ್ಟು. ಮೋಸ ಮಾಡಿದ್ರು ಅಂತ."

"ಹೌದು. ಹೇಳಬೇಕಾಗಿತ್ತು. ಹೇಳಲಿಲ್ಲ."

ಚಹಾ ಬಂತು. ಅವನ ಮನೆಯಲ್ಲಿದ್ದಷ್ಟು ದಿನ ಅವಳು ಚಹಾವನ್ನು ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಕುಡಿದಿದ್ದಳು. ಈಗ ಅವನೆದುರಿಗೆ ಕುಡಿದಳು. ಅವನು ನೋಡುತ್ತಿದ್ದ.

"ಒಂದು ಕೇಳಲಾ?" ಎಂದ ಆಮೇಲೆ. "ಆ ದಿವಸ ಬಾವಿ ಹತ್ರ ನೀನು ಏನೋ ಹೇಳಿದೆ. ನನಗೆ ಬೈದೆ ಅಂತ ಅಮ್ಮ ಅಂದ್ರು. ಶಾಪ ಹಾಕಿದೆ ಅಂತ ಚಿಕ್ಕಮ್ಮ ಅಂದ್ರು. ನಿಜ ಹೇಳು, ಏನಂದೆ?"

"ರಾಟೆ ಹಾಕಿದ್ರಲ್ಲ, ನೀರು ಸೇದೋದು ಸಲೀಸಾಯ್ತು ಅಂದೆ."

"ಅಷ್ಟೇನಾ?"

"ಅಷ್ಟೇ."

ಸಾದಿಕ್ ಪಾಷಾ ಮಣೆಯ ಮೇಲೆ ಕೂತು ಬಿದ್ದ ಚಕ್ರವನ್ನು ಮತ್ತೆ ಎತ್ತಿಕೊಂಡ. ಕಡ್ಡಿಗಳ ಮೇಲೆ ಬೆರಳಾಡಿಸಿದ, ಯಾವುದನ್ನೂ ಬಿಗಿಯಲಿಲ್ಲ. ಒಳಗಿನಿಂದ ಅವನ ಹೆಂಡತಿ ಯಾರು ಬಂದಿದ್ದಾರೆ ಎಂದು ಕೇಳಿದಳು. ಅವನು ಉತ್ತರ ಕೊಡುವ ಮೊದಲೇ ಷಮೀಮ್ ಲೋಟ ಕೆಳಗಿಟ್ಟು, "ಬರ್ತೀನಿ," ಎಂದು ಎದ್ದಳು. ಸ್ಟೇಷನ್ನಿನ ತನಕ ಅವಳ ಕಣ್ಣುಗಳು ಒಣಗಿಯೇ ಇದ್ದವು. ರೈಲು ಹೊರಟ ಮೇಲೆ, ಜನರ ನಡುವೆ, ಕಾರಣ ಹೇಳಲಾಗದ ಅಳು ಬಂತು.

ತೊಂಡೇಬಾವಿಯಲ್ಲಿ ಅಕ್ಕಯಮ್ಮ ಮೊಮ್ಮಕ್ಕಳ ಮಧ್ಯೆ ಇದ್ದಳು. ಷಮೀಮಳ ಮುಖವನ್ನು ಕೈಯಿಂದ ಸವರಿ ಗುರುತಿಸಿ ಖುಷಿಪಟ್ಟಳು. ಮುದ್ದೆ ಊಟ ಹಾಕಿಸಿದಳು. ಗೌರಿಬಿದನೂರಿನ ವಿಷಯ ಹೇಳಬೇಕೆಂದು ಷಮೀಮ್ ಎರಡು ಮೂರು ಸಲ ಬಾಯಿ ತೆರೆದಳು. ಪ್ರತಿ ಸಲವೂ ಒಂದು ಮಗು ಬಿತ್ತು, ಇಲ್ಲವೇ ಎಮ್ಮೆ ಹಗ್ಗ ಬಿಚ್ಚಿಕೊಂಡಿತು, ಇಲ್ಲವೇ ಪಕ್ಕದ ಮನೆಯವರು ಬಂದರು. "ಮಾತು ಚೆನ್ನಾಗಿ ಬರ್ತೈತೆ ಕಣಮ್ಮ," ಎಂದಳು ಅಕ್ಕಯಮ್ಮ ಬೀಳ್ಕೊಡುವಾಗ. "ಆದ್ರೆ ಈಗ ಕಣ್ಣು ಕಾಣಲ್ವಲ್ಲ, ಯಾರೋ ಬೇರೇರು ಮಾತಾಡ್ತವ್ರೆ ಅನ್ಸುತ್ತೆ. ಬೇಜಾರು ಮಾಡ್ಕೋಬೇಡ." ಮುಂದಿನ ವರ್ಷ ಅವಳು ತೀರಿಕೊಂಡಳು. ತಿಥಿಯೂ ಮುಗಿದ ಮೇಲೆ ಸುದ್ದಿ ಶಿಡ್ಲಘಟ್ಟಕ್ಕೆ ಬಂತು.

ಆ ಭಾನುವಾರ ಸೈಕಲ್ ಅಂಗಡಿಯಲ್ಲಿ ಷಮೀಮಳನ್ನು ಯಾರೋ ನೋಡಿದ್ದರು. ಸುದ್ದಿ ಕಲಂದರ್‌ಗೆ ತಲುಪಿತ್ತು.

"ಆ ಮನುಷ್ಯನ ಹತ್ರ ಯಾಕೆ ಹೋದೆ? ಜನ ಏನಂತಾರೆ?"

"ಅವರಿಗೆ ನಾನು ಬೈದಿರಲಿಲ್ಲ ಭಯ್ಯಾ. ಶಾಪ ಹಾಕಿರಲಿಲ್ಲ. ಅದನ್ನ ಹೇಳೋಕೆ ಆಗ ನಂಗೆ ಬಾಯಿ ಇರಲಿಲ್ಲ. ನೀವು ಯಾರೂ ನನ್ನ ಪರವಾಗಿ ಹೋಗಿ ಕೇಳಲಿಲ್ಲ. ಅದಕ್ಕೇ ಹೋದೆ. ಹೇಳಿದೆ. ಬಂದೆ."

ಅವಳು ನಿಧಾನವಾಗಿ, ಪ್ರತಿ ಅಕ್ಷರವನ್ನೂ ಸರಿಯಾಗಿ ಕೂರಿಸಿ ಹೇಳಿದಳು. ಅವಳ ಮಾತು ಮುಗಿಯುವ ತನಕ ಅಣ್ಣ ಕಾದದ್ದು ಅದೇ ಮೊದಲು. ಮುಗಿದ ಮೇಲೆ ಟೋಪಿ ಹಾಕಿಕೊಂಡು ಹೊರಗೆ ಹೋದ. ಆಮೇಲೆ ಮನೆಯಲ್ಲಿ ಅವಳ ತಟ್ಟೆಗೆ ಕೇಳಿಯೇ ಬಡಿಸತೊಡಗಿದರು. ಅದಕ್ಕಿಂತ ಹೆಚ್ಚೇನೂ ಬದಲಾಗಲಿಲ್ಲ.

ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಕಲಂದರ್‌ನ ವ್ಯಾಪಾರ ಬೆಳೆದು ಮನೆಗೆ ಫೋನು ಬಂತು. ಅವನು ಬೆಳಗಿನಿಂದ ಗೂಡಿನ ಮಾರುಕಟ್ಟೆಯಲ್ಲಿರುತ್ತಿದ್ದ. ಮಕ್ಕಳು ಕಾಲೇಜಿಗೆ. ಕಾಣದ ಗಂಡಸರೊಂದಿಗೆ ಮಾತಾಡಲು ಹಮೀದಾ ಬೇಗಂಗೆ ಹಿಂಜರಿಕೆ. ಷಮೀಮಳ ಕೈಬೆರಳುಗಳು ಬಿಸಿನೀರಿಗೆ ಬೆಂದು ಬೆಂದು ಶೆಡ್ಡಿನ ಕೆಲಸ ನಿಂತಿತ್ತು. ಹಾಗಾಗಿ ಫೋನು ಎತ್ತುವುದು ಅವಳ ಪಾಲಿಗೆ ಬಂತು.

"ಹಲೋ, ಯಾರು ಬೇಕಿತ್ತು?"

ಆ ಕಡೆಯ ವ್ಯಾಪಾರಿಗಳು ಹೆಸರು ಹೇಳುತ್ತಿದ್ದರು, ದರ ಕೇಳುತ್ತಿದ್ದರು, ಸಾಹೇಬರು ಬಂದರೆ ತಿಳಿಸಿ ಎನ್ನುತ್ತಿದ್ದರು. ಅವರಿಗೆ ಅವಳು ಮನೆಯ ಒಬ್ಬ ಹೆಂಗಸು, ಅಷ್ಟೇ. ಸಂಜೆ ಪ್ಲೇಟು ತೊಳೆದು ನೀರಿನ ಬಟ್ಟಲಲ್ಲಿಟ್ಟ ಮೇಲೆ ಫೋನು ಬಡಿದುಕೊಂಡರೆ ಅವಳು ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಂದ ಫೋನಿನಲ್ಲಿ ಒಬ್ಬ ಮುದುಕಿಯ ದನಿ. ಮಾತೆಲ್ಲ ಕಲಸಿಹೋಗಿತ್ತು. ಷಮೀಮ್ ಕಿವಿಗೊಟ್ಟು ಕೇಳಿದಳು. ತ, ದ, ಸ ಎಲ್ಲ ಗಾಳಿಯಾಗಿ ಸೋರಿಹೋಗುತ್ತಿದ್ದವು, ಪ ಮತ್ತು ಬ ಗಟ್ಟಿಯಾಗಿದ್ದವು. ಅಂಗುಳ ಸರಿಯಾಗಿದೆ, ಹಲ್ಲಿಲ್ಲ ಎಂದು ಅವಳಿಗೆ ತಿಳಿಯಿತು.

"ಇದು ಗಂಗುಲಪ್ಪನವರ ಮನೆಯಲ್ಲ ಅಮ್ಮ, ನಂಬರ್ ತಪ್ಪಾಗಿದೆ. ನೀವು ಎಲ್ಲಿಂದ ಮಾತಾಡ್ತಿದೀರಿ?"

"ಚಿಂತಾಮಣಿಯಿಂದ ಕಣಮ್ಮ. ನಾನು ಲಕ್ಷ್ಮಿದೇವಮ್ಮ. ಅಯ್ಯೋ, ನಾನಂದಿದ್ದು ನಿಂಗೆ ತಿಳೀತಾ? ಹಲ್ಲೆಲ್ಲ ಕೀಳಿಸಿದ ಮೇಲೆ ನಮ್ಮನೇಲಿ ಯಾರಿಗೂ ತಿಳಿಯಲ್ಲ. ಸೊಸೆಯಂತೂ ಸುಮ್ನೆ ತಲೆ ಆಡಿಸಿ ಹೋಗ್ತಾಳೆ."

"ಸೆಟ್ಟು ಕಟ್ಟಿಸಿಲ್ವಾ?"

"ಕಟ್ಸಿದಾರೆ. ಹಾಕ್ಕೊಂಡ್ರೆ ಕುದುರೆ ಬಾಯಿಗೆ ಕಡಿವಾಣ ಹಾಕ್ದಂಗಾಗ್ತದೆ. ತೆಗ್ದು ಡಬ್ಬೀಲಿ ಇಟ್ಬಿಟ್ಟಿದೀನಿ."

"ಮೊದಮೊದಲು ಹಂಗೇ ಅಮ್ಮ. ದಿನಾ ಸ್ವಲ್ಪ ಹೊತ್ತು ಹಾಕ್ಕೊಳ್ಳಿ. ಹಾಕ್ಕೊಂಡು ಗಟ್ಟಿಯಾಗಿ ಏನಾದ್ರೂ ಹೇಳ್ತಾ ಇರಿ. ನಾಲಿಗೆ ಕಲಿಯುತ್ತೆ."

"ಯಾರಿಗಮ್ಮ ಹೇಳ್ಲಿ?"

ನಡುಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಹಮೀದಾ ಬೇಗಂ ಒಳಗೆ ಮಲಗಿದ್ದಳು.

"ಈ ಹೊತ್ತಿಗೆ ಮನೇಲಿ ನಾನೇ ಇರ್ತೀನಿ," ಎಂದಳು ಷಮೀಮ್.

ಮರುವಾರ ಅದೇ ಹೊತ್ತಿಗೆ ಫೋನು ಬಂತು. ಲಕ್ಷ್ಮಿದೇವಮ್ಮ ಸೆಟ್ಟು ಹಾಕಿಕೊಂಡು ಮಾತಾಡುತ್ತಿದ್ದಳು. ನಡುನಡುವೆ ಅದು ಟಕ್ಕೆಂದು ಸದ್ದು ಮಾಡುತ್ತಿತ್ತು, ಅವಳು ಬೈದುಕೊಳ್ಳುತ್ತಿದ್ದಳು. ಅವರೆಕಾಳು ಈ ಸಲ ಚೆನ್ನಾಗಿಲ್ಲ ಎಂದಳು. ನಿಮ್ಮ ಊರಲ್ಲಿ ಮಳೆ ಬಂತಾ ಎಂದು ಕೇಳಿದಳು. ಸ್ವಲ್ಪ ಬಂತು ಎಂದು ಷಮೀಮ್ ಹೇಳಿ, ಹಿಪ್ಪುನೇರಳೆ ತೋಟಗಳ ಕಡೆ ಇನ್ನೂ ಬೀಳಬೇಕಾಗಿತ್ತು ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಯಾವತ್ತೂ ನೋಡಲಿಲ್ಲ, ನೋಡೋಣವೆಂದು ಹೇಳಿಕೊಳ್ಳಲೂ ಇಲ್ಲ. ಫೋನು ಬರದ ವಾರಗಳೂ ಇದ್ದವು. ಆ ಮಧ್ಯಾಹ್ನಗಳಲ್ಲಿ ಷಮೀಮ್ ಊಟ ಮುಗಿಸಿ, ಪ್ಲೇಟನ್ನು ತೊಳೆದು ಮತ್ತೆ ಬಾಯಿಗೆ ಸಿಕ್ಕಿಸಿಕೊಂಡು, ಫೋನಿನ ಪಕ್ಕದ ಕುರ್ಚಿಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು.